ಅಡಿಕೆ ಪಟ್ಟಿಯಿಂದ ಖಾತೆಗೆ ದುಡ್ಡು ಬೀಳುವ ತನಕ: ಈವೆಂಟ್ ಲಾಗ್ ಅಗೆದು ನೋಡಿದ ಅನುಭವ

ಶಿರಸಿಯಲ್ಲಿ ಅಡಿಕೆ ವ್ಯವಹಾರ ಮಾಡುವ ಒಂದು ಸಹಕಾರಿ ಸಂಘ. ಗೇಟಿನಲ್ಲಿ ಮೂಟೆ ಇಳಿದಲ್ಲಿಂದ ಸದಸ್ಯರ ಖಾತೆಗೆ ಹಣ ಜಮಾ ಆಗುವವರೆಗೆ ಅಲ್ಲಿ ಕೆಲಸ ನಿಜಕ್ಕೂ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಕಂಪ್ಯೂಟರಿನಲ್ಲಿರುವ ದಾಖಲೆಗಳಿಂದಲೇ ಕಂಡುಹಿಡಿಯುವ ಕೆಲಸ ಮೊನ್ನೆಯಷ್ಟೇ ಮುಗಿಯಿತು. ಪ್ರೊಸೆಸ್ ಮೈನಿಂಗ್ ಎಂದು ಇದರ ಹೆಸರು. ಪುಸ್ತಕದಲ್ಲಿ ಓದಿದರೆ ಮೂರು ಕಾಲಂ ಇರುವ ಒಂದು ಫೈಲು ಕೊಟ್ಟರೆ ನಕ್ಷೆ ಬರುತ್ತದೆ, ಅಷ್ಟೇ. ಆ ಮೂರು ಕಾಲಂ ಸಿಗುವುದರೊಳಗೆ ಏನೆಲ್ಲ ಆಗುತ್ತದೆ ಎಂಬುದನ್ನು ಬರೆದಿಟ್ಟಿದ್ದು ನಮಗೆ ಸಿಗಲಿಲ್ಲವಾದ್ದರಿಂದ ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ. ಹಾಲಿನ ಡೇರಿ, ಮೀನುಗಾರರ ಸೊಸೈಟಿ, ಪಂಚಾಯತಿ ಆಫೀಸು, ಎಲ್ಲಿ ಮಾಡಲು ಹೊರಟರೂ ತೊಡಕು ಹೆಚ್ಚುಕಡಿಮೆ ಇವೇ.

ಮೊದಲು ಪ್ರಶ್ನೆ ಗಟ್ಟಿ ಮಾಡಿಕೊಳ್ಳಿ. "ನಮ್ಮ ಕೆಲಸ ಹೇಗೆ ನಡೆಯುತ್ತದೆ ನೋಡೋಣ" ಎಂದು ಹೊರಟರೆ ಡೇಟಾಬೇಸಿನ ಎಲ್ಲ ಟೇಬಲ್ಲುಗಳೂ ಬೇಕೆನಿಸಿ ಕೆಲಸ ಮುಗಿಯುವುದೇ ಇಲ್ಲ. ಇಲ್ಲಿದ್ದ ಪ್ರಶ್ನೆ ಒಂದೇ: ಟೆಂಡರಿನಲ್ಲಿ ದರ ಆದ ಮೇಲೂ ಕೆಲವರ ದುಡ್ಡು ಯಾಕೆ ತಡವಾಗುತ್ತದೆ? ಸದಸ್ಯರು ತೂಕದ ಕಟ್ಟೆಯನ್ನು ದೂರುತ್ತಿದ್ದರು, ತೂಕದವರು ಲೆಕ್ಕಪತ್ರ ವಿಭಾಗವನ್ನು, ಲೆಕ್ಕದವರು ಬ್ಯಾಂಕನ್ನು. ಆಫೀಸಿನ ಗೋಡೆಯ ಚಾರ್ಟಿನಲ್ಲಿ ಎಂಟು ಹಂತ ಒಂದರ ಕೆಳಗೊಂದು ಇವೆ: ಗೇಟ್ ಎಂಟ್ರಿ, ಲಾಟ್ ನಂಬರ್ (ಲಾಟು ಎಂದರೆ ಟೆಂಡರಿಗೆ ಒಟ್ಟಾಗಿ ಇಡುವ ಅಡಿಕೆಯ ಒಂದು ಪಾಲು), ಟೆಂಡರ್, ದರಕ್ಕೆ ಒಪ್ಪಿಗೆ, ತೂಕ, ಪಟ್ಟಿ (ಮಾರಾಟದ ಲೆಕ್ಕದ ಚೀಟಿ), ಸಾಲದ ಕಡಿತ, ಪಾವತಿ. ನಿಜದ ದಾರಿ ಹೀಗಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಎಲ್ಲಿ ಹೀಗಿಲ್ಲ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ವಿಷಯಕ್ಕೆ ಹೊಸಬರಾದವರಿಗಾಗಿ ಎರಡು ಮಾತು. ನೆದರ್ಲೆಂಡ್ಸಿನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವಿಲ್ ವಾನ್ ಡರ್ ಆಲ್ಸ್ಟ್ ಮತ್ತು ಅವರ ಜೊತೆಯವರು ಬೆಳೆಸಿದ ಶಾಸ್ತ್ರ ಇದು. ಲಾಗು ಎಂದರೆ ನಡೆದದ್ದರ ಬಗ್ಗೆ ಕಂಪ್ಯೂಟರಿನಲ್ಲಿರುವ ದಾಖಲೆ. ಪ್ರತಿ ಸಾಲೂ ಒಂದು ಘಟನೆ. ಅದರಲ್ಲಿ ಮೂರು ಸಂಗತಿ ಇರಲೇಬೇಕು: ಯಾವ ಕೇಸಿಗೆ (ಶುರುವಿನಿಂದ ಕೊನೆಯವರೆಗೆ ಹಿಂಬಾಲಿಸುವ ಒಂದು ಬಾಬ್ತಿಗೆ) ಸೇರಿದ್ದು, ಏನು ನಡೆಯಿತು, ಯಾವಾಗ ನಡೆಯಿತು. ಒಂದೊಂದು ಕೇಸಿನ ಘಟನೆಗಳನ್ನೂ ಹೊತ್ತಿನ ಕ್ರಮದಲ್ಲಿ ಜೋಡಿಸಿದರೆ ಕೆಲಸ ಸಾಗಿದ ದಾರಿ ಸಿಗುತ್ತದೆ. ಸಾವಿರಾರು ಕೇಸುಗಳ ದಾರಿಗಳನ್ನು ಒಟ್ಟು ಮಾಡಿದರೆ ನಕ್ಷೆ. ಈ ಲಾಗುಗಳಿಗೆ ಎಕ್ಸ್‌ಇಎಸ್ ಎಂಬ ಮಾದರಿಯಿದೆ, 2016ರಲ್ಲಿ ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆ ಮಾನ್ಯ ಮಾಡಿದ್ದು. ಶುರುವಿನಲ್ಲಿ ಅದರ ತಲೆಬಿಸಿ ಬೇಡ, ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಸಿಎಸ್‌ವಿ ಫೈಲು ಸಾಕು. ಕೈಪಳಗಿಸಲು 2012ರ ಬಿಪಿಐ ಚಾಲೆಂಜ್ ಎಂಬ ಪ್ರೊಸೆಸ್ ಮೈನಿಂಗ್ ಸ್ಪರ್ಧೆಗೆ ಬಿಟ್ಟ ಡಚ್ ಬ್ಯಾಂಕೊಂದರ ಸಾಲದ ಅರ್ಜಿಗಳ ಲಾಗು ಸಾರ್ವಜನಿಕವಾಗಿ ಸಿಗುತ್ತದೆ: 13,087 ಅರ್ಜಿ, 2,62,200 ಘಟನೆ. ನಿಮ್ಮ ಡೇಟಾ ಕೈಗೆ ಬರುವವರೆಗೆ ಅದನ್ನಿಟ್ಟುಕೊಂಡು ಅಭ್ಯಾಸ ಮಾಡಿ. ಆ ಕಾಯುವಿಕೆ ಸಣ್ಣದಲ್ಲ.

ಅನುಮತಿಗೆ ಎರಡು ಬಾಗಿಲು ತಟ್ಟಬೇಕಾಯಿತು. ಒಂದು ಆಡಳಿತ ಮಂಡಳಿ. ಅಲ್ಲಿ ಠರಾವು ಆಗದೆ ಡೇಟಾ ಮುಟ್ಟಬೇಡಿ, ಬಾಯಿಮಾತಿನ ಒಪ್ಪಿಗೆ ನಂಬಿ ಹೊರಡಬೇಡಿ. ಠರಾವಿನಲ್ಲಿ ಮೂರು ಮಾತು ಸ್ಪಷ್ಟವಾಗಿ ಬರಲಿ: ಯಾವ ಅವಧಿಯ ಡೇಟಾ, ಯಾರ ಕೈಯಲ್ಲಿರುತ್ತದೆ, ಕೆಲಸ ಮುಗಿದ ಮೇಲೆ ಅಳಿಸುವವರು ಯಾರು. ಇನ್ನೊಂದು ಬಾಗಿಲು ಸಾಫ್ಟ್‌ವೇರ್ ಮಾಡಿಕೊಟ್ಟ ಕಂಪನಿಯದು. ಡೇಟಾ ಸಂಘದ್ದೇ ಆದರೂ ಟೇಬಲ್ಲುಗಳ ವಿವರ ಇರುವುದು ಅವರ ಹತ್ತಿರ. ವಾರ್ಷಿಕ ನಿರ್ವಹಣೆಯ ಕರಾರಿನಲ್ಲಿ ಇದು ಬರುವುದಿಲ್ಲ, ಬೇರೆ ಹಣ ಕೊಡಬೇಕು ಎಂದರು. ಪತ್ರ ಹೋಗಿ ಪತ್ರ ಬಂದು, ಕೊನೆಗೆ ಬ್ಯಾಕಪ್ ಫೈಲು ಬಿಟ್ಟು ಬೇರೇನೂ ಸಿಗಲಿಲ್ಲ. ಹೊಸದಾಗಿ ಸಾಫ್ಟ್‌ವೇರ್ ಕರಾರು ಮಾಡುವವರು "ಟೇಬಲ್ ಮತ್ತು ಕಾಲಂಗಳ ವಿವರಣೆ ಸಹಿತ ಡೇಟಾ ಒದಗಿಸತಕ್ಕದ್ದು" ಎಂಬ ಒಂದು ಸಾಲನ್ನು ಈಗಲೇ ಸೇರಿಸಿಕೊಳ್ಳಿ.

ಚಾಲ್ತಿಯಲ್ಲಿರುವ ಸರ್ವರಿಗೆ ಕೈ ಹಾಕಬಾರದು. ರಾತ್ರಿಯ ಬ್ಯಾಕಪ್ಪನ್ನು ಬೇರೆ ಯಂತ್ರದಲ್ಲಿ ಹರವಿಕೊಳ್ಳಿ. ಡೇಟಾಬೇಸ್ ಮೈಕ್ರೋಸಾಫ್ಟಿನ ಎಸ್‌ಕ್ಯುಎಲ್ ಸರ್ವರ್ ಆದರೆ ಹಳೇ ಆವೃತ್ತಿಯ ಬ್ಯಾಕಪ್ ಹೊಸ ಆವೃತ್ತಿಯಲ್ಲಿ ತೆರೆದುಕೊಳ್ಳುತ್ತದೆ, ಹೊಸದು ಹಳೆಯದರಲ್ಲಿ ತೆರೆಯುವುದಿಲ್ಲ. ಹಾಗಾಗಿ ಆವೃತ್ತಿ ಮೊದಲೇ ಕೇಳಿಕೊಳ್ಳಿ. 2022ರ ಎಕ್ಸ್‌ಪ್ರೆಸ್ ಆವೃತ್ತಿ ಉಚಿತ, ಆದರೆ ಒಂದು ಡೇಟಾಬೇಸ್ 10 ಜಿಬಿ ದಾಟುವಂತಿಲ್ಲ. ಸಾಮಾನ್ಯ ಸೊಸೈಟಿಗೆ ಅಷ್ಟು ಧಾರಾಳ.

ಬ್ಯಾಕಪ್ ತೆರೆದ ಮೇಲೆ ಕಾಣುವ ದೊಡ್ಡ ತೊಡಕು ಹೀಗಿದೆ. ಇಂಥ ಹಳೇ ಸಾಫ್ಟ್‌ವೇರುಗಳಲ್ಲಿ ಪ್ರತಿ ಲಾಟಿಗೆ "ಸ್ಥಿತಿ" ಎಂಬ ಒಂದೇ ಕಾಲಂ. ಲಾಟು ಮುಂದಿನ ಹಂತಕ್ಕೆ ಹೋದಂತೆ ಹಳೇ ಸ್ಥಿತಿಯ ಮೇಲೆಯೇ ಹೊಸದು ಬಂದು ಕೂರುತ್ತದೆ. ಕೊನೆಯದು ಉಳಿಯುತ್ತದೆ, ನಡುವಿನದೆಲ್ಲ ಮಾಯ. "ಕೊನೆಗೆ ತಿದ್ದಿದ್ದು" ಎಂಬ ಕಾಲಮ್ಮಿನ ಕಥೆಯೂ ಅದೇ. ಕಂಪನಿಗಳಾದರೆ 2023ರ ಏಪ್ರಿಲ್ 1ರಿಂದ ಲೆಕ್ಕಪತ್ರದ ಸಾಫ್ಟ್‌ವೇರಿನಲ್ಲಿ ಪ್ರತಿ ತಿದ್ದುಪಡಿಯೂ ದಾಖಲಾಗಬೇಕೆಂಬ ನಿಯಮವಿದೆ. ಅದು ಕಂಪನಿ ಕಾಯ್ದೆಯ ನಿಯಮ, ಸಹಕಾರಿ ಸಂಘಕ್ಕೆ ತಾಗುವುದಿಲ್ಲ. ಹಾಗಾಗಿ ಘಟನೆಗಳನ್ನು ಹುಡುಕಿ ಹುಡುಕಿ ಬೇರೆ ಬೇರೆ ಮೂಲೆಗಳಿಂದ ಎತ್ತಬೇಕಾಗುತ್ತದೆ.

ಸಿಕ್ಕಿದ ಜಾಗಗಳನ್ನು ಹೇಳುತ್ತೇವೆ, ನಿಮಗೂ ಉಪಯೋಗವಾದೀತು. ಗೇಟ್ ಎಂಟ್ರಿಯ ಟೇಬಲ್ಲಿನಲ್ಲಿ ದಾಖಲೆ ಹುಟ್ಟಿದ ಹೊತ್ತು ಸೆಕೆಂಡಿನವರೆಗೆ ಇತ್ತು. ಟೆಂಡರಿನ ದರ ಬೇರೆ ವ್ಯವಸ್ಥೆಯಿಂದ ಬರುವುದರಿಂದ ಅದರ ಫೈಲು ಪ್ರತ್ಯೇಕ. ಪಟ್ಟಿಗೆ ಬರೀ ತಾರೀಕು, ಹೊತ್ತಿಲ್ಲ. ಪಾವತಿಗೆ ವೋಚರ್ ತಾರೀಕು ಒಂದು, ಎಂಟ್ರಿ ಮಾಡಿದ ಹೊತ್ತು ಇನ್ನೊಂದು. ಕಳೆದುಹೋದ ಹಂತಗಳಲ್ಲಿ ಕೆಲವನ್ನು ಮರಳಿ ಕೊಟ್ಟಿದ್ದು ಎಸ್ಸೆಮ್ಮೆಸ್ ದಾಖಲೆ. ಸದಸ್ಯರಿಗೆ "ನಿಮ್ಮ ಲಾಟಿಗೆ ಇಷ್ಟು ದರ ಬಂದಿದೆ", "ಪಟ್ಟಿ ಆಗಿದೆ", "ಹಣ ಕಳಿಸಲಾಗಿದೆ" ಎಂದು ಮೆಸೇಜು ಹೋಗುತ್ತದಲ್ಲ, ದೂರಸಂಪರ್ಕ ನಿಯಂತ್ರಕ ಟ್ರಾಯ್ ನಿಯಮದಂತೆ ಅಂಥ ಪ್ರತಿ ಮೆಸೇಜಿನ ಒಕ್ಕಣೆಯನ್ನೂ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ನೋಂದಾಯಿಸಿರಬೇಕು, ಒಂದೊಂದು ಒಕ್ಕಣೆಗೂ ಒಂದೊಂದು ಟೆಂಪ್ಲೇಟ್ ನಂಬರು. ಅಂದರೆ ಟೆಂಪ್ಲೇಟ್ ನಂಬರೇ ಹಂತದ ಹೆಸರು, ಮೆಸೇಜು ಹೋದ ಹೊತ್ತೇ ಘಟನೆಯ ಹೊತ್ತು. ಎಸ್ಸೆಮ್ಮೆಸ್ ಸೇವೆ ಕೊಡುವವರು ಹಳೇ ವರದಿಗಳನ್ನು ಬಹಳ ಕಾಲ ಇಟ್ಟಿರುವುದಿಲ್ಲ, ಕೆಲಸ ನಿಶ್ಚಯವಾದ ದಿನವೇ ಇಳಿಸಿಕೊಳ್ಳಿ.

ಇನ್ನು ಕೇಸ್ ಯಾವುದು ಎಂಬ ಪ್ರಶ್ನೆ. ಹೊರಗಿನಿಂದ ನೋಡಿದರೆ ಸುಲಭ, ನಿಜಕ್ಕೆ ಇಡೀ ಕೆಲಸ ನಿಂತಿರುವುದೇ ಇದರ ಮೇಲೆ. ಸದಸ್ಯರ ನಂಬರನ್ನು ಕೇಸ್ ಮಾಡಿದರೆ ವರ್ಷವಿಡೀ ಬಂದ ರಾಶಿ, ಚಾಲಿ, ಬೆಟ್ಟೆ, ಗೋಟು ಹೀಗೆ ಎಲ್ಲ ಬಗೆಯ ಅಡಿಕೆಯೂ ಒಂದೇ ದಾರಿಯಲ್ಲಿ ಹೆಣೆದುಕೊಳ್ಳುತ್ತದೆ. ಪಾವತಿ ವೋಚರನ್ನು ಹಿಡಿದರೆ, ಒಂದು ವೋಚರಿನಲ್ಲಿ ಮೂರು ಲಾಟಿನ ಹಣ ಹೋಗಿರುತ್ತದೆ, ತೂಕ ಮೂರು ಸಲ ಆದ ಹಾಗೆ ಕಾಣುತ್ತದೆ. ಲಾಟನ್ನು ಹಿಡಿದರೆ, ಅದೇ ಒಂದು ಪಾವತಿ ಮೂರು ಲಾಟಿನಲ್ಲೂ ಎಣಿಕೆಯಾಗಿ ಪಾವತಿಗಳ ಸಂಖ್ಯೆ ಮೂರು ಪಟ್ಟಾಗುತ್ತದೆ. ಈ ಇಕ್ಕಟ್ಟಿಗಾಗಿಯೇ ಒಂದು ಘಟನೆಯನ್ನು ಹಲವು ವಸ್ತುಗಳಿಗೆ ಕಟ್ಟುವ ಒಸೆಲ್ ಎಂಬ ಮಾದರಿ ಬಂದಿದೆ, ಅದರ 2.0 ಆವೃತ್ತಿ 2023ರದ್ದು. ಮೊದಲ ಸಲ ಮಾಡುವವರಿಗೆ ಅದು ಭಾರ. ನಮ್ಮ ಪ್ರಶ್ನೆಗೆ ಲಾಟೇ ಸರಿಯಾದ ಕೇಸ್. ಎಷ್ಟು ಪಾವತಿ ಎಂಬ ಲೆಕ್ಕವನ್ನು ನಕ್ಷೆಯಿಂದ ತೆಗೆಯದೆ ವೋಚರ್ ಟೇಬಲ್ಲಿನಿಂದಲೇ ತೆಗೆಯುತ್ತೇವೆ ಎಂದು ಮೊದಲೇ ಬರೆದಿಟ್ಟುಕೊಂಡರೆ ಗೊಂದಲವಿಲ್ಲ.

ಲಾಟಿನಲ್ಲೂ ಒಂದು ಸಿಕ್ಕಿದೆ. ಬಂದ ದರ ಸಾಲದು ಎಂದು ಸದಸ್ಯರು ಅಡಿಕೆಯನ್ನು ಮತ್ತೆ ಆರಿಸಿ, ಎರಡು ತರಗತಿ ಮಾಡಿ ಟೆಂಡರಿಗಿಟ್ಟರೆ ಹೊಸ ಲಾಟ್ ನಂಬರು ಬೀಳುತ್ತದೆ. ಹಳೇ ಲಾಟು ಅರ್ಧಕ್ಕೆ ನಿಂತಂತೆ ಕಾಣುತ್ತದೆ, ಹೊಸದು ಗೇಟಿಗೇ ಬಾರದೆ ಹುಟ್ಟಿದಂತೆ. ಗೇಟ್ ಎಂಟ್ರಿಯ ನಂಬರು ಎರಡರಲ್ಲೂ ಒಂದೇ ಇರುತ್ತದೆ. ಅದನ್ನು ಹಿಡಿದು ತಾಯಿ-ಮಗು ಸಂಬಂಧ ಜೋಡಿಸಬೇಕು.

ಹೊತ್ತಿನ ವಿಚಾರವನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇವೆ, ಯಾಕೆಂದರೆ ತಪ್ಪು ತೀರ್ಮಾನಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ. ಒಂದು ಲಾಟಿನ ಸಾಲುಗಳು ಹೀಗಿದ್ದವು. ನಂಬರು, ತಾರೀಕು ಬದಲಿಸಿದ್ದೇವೆ, ಸ್ವರೂಪ ಮಾತ್ರ ಅದೇ.

0417, ಗೇಟ್ ಎಂಟ್ರಿ, 05-02, 09:12:40
0417, ಪಟ್ಟಿ, 05-02, 00:00:00
0417, ಟೆಂಡರ್ ದರ, 05-02, 14:31:06
0417, ತೂಕ, 05-02, 17:48:10
0417, ಸಾಲದ ಕಡಿತ, 06-02, 10:20:55
0417, ಪಾವತಿ ಫೈಲು, 06-02, 06:10:00

ಮೂಟೆ ಗೇಟಿಗೆ ಬರುವ ಮೊದಲೇ ನಡುರಾತ್ರಿ ಪಟ್ಟಿ ಆಗಿದೆ! ತಾರೀಕು ಮಾತ್ರ ಇರುವ ಕಾಲಮ್ಮಿಗೆ ಕಂಪ್ಯೂಟರು ತಾನೇ 00:00:00 ಹಚ್ಚುವುದರಿಂದ ಹೀಗಾಗುತ್ತದೆ. ಸಾಲದ ಕಡಿತಕ್ಕಿಂತ ನಾಲ್ಕು ತಾಸು ಮುಂಚೆ ಪಾವತಿ ಫೈಲು ಹೋಗಿದೆ. ಆ ಫೈಲು ಬಂದ ಸರ್ವರಿನ ಗಡಿಯಾರ ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿತ್ತು. 5 ಗಂಟೆ 30 ನಿಮಿಷ ಕೂಡಿಸಿದರೆ 11:40, ಸರಿಹೋಯಿತು. ಪಟ್ಟಿಗೆ ನಿಜವಾದ ಹೊತ್ತು ಎಸ್ಸೆಮ್ಮೆಸ್ಸಿನಿಂದ ಬಂತು. ಮೆಸೇಜೂ ಇಲ್ಲದ ಕಡೆ ಹೊತ್ತನ್ನು ಊಹಿಸಿ ತುಂಬಬೇಡಿ. ಅದೇ ದಿನದ ಘಟನೆಗಳಿಗೆ ಒಂದು ಕ್ರಮದ ನಂಬರು ಕೊಟ್ಟು ಜೋಡಿಸಿ, ಅಂಥ ಸಾಲುಗಳಿಗೆ "ದಿನ ಮಾತ್ರ" ಎಂಬ ಗುರುತು ಹಾಕಿ. ಗಂಟೆಗಳ ಲೆಕ್ಕ ಮಾಡುವಾಗ ಗುರುತಿದ್ದವನ್ನು ಬದಿಗಿಡಿ.

ತೂಕದ ಹೊತ್ತಿನಲ್ಲಿ ಇನ್ನೊಂದು ಬಗೆಯ ವಿಚಿತ್ರವಿತ್ತು. ಕೆಲವು ದಿನ ಸಾಲುಸಾಲು ಲಾಟುಗಳು ಸಂಜೆ ಐದೂಮುಕ್ಕಾಲರ ಆಸುಪಾಸು ನಿಮಿಷಕ್ಕೊಂದರಂತೆ ತೂಗಿದ ಹಾಗೆ ದಾಖಲಾಗಿವೆ. ಮೂಟೆ ಎತ್ತಿ ಕಾಟಾದ ಮೇಲಿಟ್ಟು ಇಳಿಸಲು ಎಷ್ಟು ಹೊತ್ತು ಬೇಕೆಂದು ಬಲ್ಲವರಿಗೆ ಇದು ಆಗದ ಮಾತೆಂದು ಕೂಡಲೇ ಹೊಳೆಯುತ್ತದೆ. ತೂಕದ ಕಟ್ಟೆಯ ಹಿರಿಯ ಗುಮಾಸ್ತರೊಬ್ಬರಿಗೆ ಪರದೆ ತೋರಿಸಿದಾಗ ಬಂದ ಉತ್ತರ: "ಅದು ತೂಗಿದ ಹೊತ್ತಲ್ಲ ಮಾರಾಯ್ರೆ, ನಾವು ಕೂತು ಎಂಟ್ರಿ ಹೊಡೆದ ಹೊತ್ತು. ಕರೆಂಟು ಹೋದ ದಿನ ಎಲ್ಲ ಪಟ್ಟಿಪುಸ್ತಕದಲ್ಲೇ." ನಮ್ಮ ಕಡೆಯ ಮಳೆಗಾಲದಲ್ಲಿ ಕರೆಂಟು, ಇಂಟರ್ನೆಟ್ಟು ಎರಡೂ ಹೇಳದೆ ಕೇಳದೆ ಹೋಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹೊತ್ತುಗಳನ್ನು ಬೇಸಿಗೆಯ ಹೊತ್ತುಗಳ ಜೊತೆ ಒಂದೇ ತಕ್ಕಡಿಗೆ ಹಾಕುವಂತಿಲ್ಲ. ಪತ್ತೆಗೆ ಸುಲಭದ ದಾರಿಯಿದೆ: ಒಂದೇ ಲಾಗಿನ್, ಒಂದೇ ಹಂತ, ಎರಡು ಸಾಲುಗಳ ನಡುವೆ ಮನುಷ್ಯರಿಂದ ಆಗದಷ್ಟು ಕಡಿಮೆ ಅಂತರ. ಅಂಥ ಗೊಂಚಲುಗಳನ್ನು ಬೇರೆ ಮಾಡಿ.

ಎಕ್ಸೆಲ್ಲಿನ ಬಗ್ಗೆ ಒಂದು ಎಚ್ಚರಿಕೆ. ಸಿಎಸ್‌ವಿ ಫೈಲನ್ನು ನೋಡಲೆಂದು ಎಕ್ಸೆಲ್ಲಿನಲ್ಲಿ ತೆರೆದು ಸೇವ್ ಮಾಡಿದರೆ ಸಾಕು, 0417 ಎಂಬ ಲಾಟು 417 ಆಗುತ್ತದೆ. 3-12 ಎಂದು ಬರೆದ ಉಪಲಾಟು ತಾರೀಕಾಗಿ ಹೋಗುತ್ತದೆ. ಯಂತ್ರದ ಪ್ರಾದೇಶಿಕ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಫೆಬ್ರವರಿ 5 ಹೋಗಿ ಮೇ 2 ಆಗುತ್ತದೆ, ಫೆಬ್ರವರಿ 13 ಮಾತ್ರ ತಾರೀಕಾಗದೆ ಬರೀ ಅಕ್ಷರವಾಗಿ ಉಳಿಯುತ್ತದೆ. ಪ್ರತಿ ತಿಂಗಳ 1ರಿಂದ 12ರವರೆಗಿನ ಲಾಟುಗಳಲ್ಲಿ ಮಾತ್ರ ತಿಂಗಳುಗಟ್ಟಲೆ ತಡ ಕಂಡರೆ ಬೇರೆ ಕಾರಣ ಹುಡುಕುತ್ತ ಕೂರಬೇಡಿ, ಇದೇ. ನಂಬರುಗಳನ್ನೆಲ್ಲ ಪಠ್ಯವಾಗಿಯೇ ಓದಿಸಿ, ತಾರೀಕಿನ ನಮೂನೆಯನ್ನು ಪ್ರೋಗ್ರಾಮಿನಲ್ಲಿ ಬಾಯಿಬಿಟ್ಟು ಹೇಳಿ.

ಷರಾ ಕಾಲಂ ತೆರೆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಹಳೇ ಸಾಫ್ಟ್‌ವೇರಿನಲ್ಲಿ ಕನ್ನಡವನ್ನು ನುಡಿ ತಂತ್ರಾಂಶದ ಆಸ್ಕಿ (ಇಂಗ್ಲಿಷ್ ಅಕ್ಷರಗಳ ಸಂಕೇತ) ಫಾಂಟಿನಲ್ಲಿ ತುಂಬಿದ್ದಾರೆ. ಫಾಂಟು ಹಚ್ಚಿದರೆ ಮಾತ್ರ ಕನ್ನಡ ಕಾಣುತ್ತದೆ, ಡೇಟಾದೊಳಗೆ ಅದು ಕನ್ನಡವೇ ಅಲ್ಲ. ಆಸ್ಕಿಯಿಂದ, ಕನ್ನಡಕ್ಕೂ ತನ್ನದೇ ಸಂಕೇತವಿರುವ ಯುನಿಕೋಡಿಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಒತ್ತಕ್ಷರ ಮತ್ತು ಅರ್ಕಾವತ್ತು ಇರುವ ಪದಗಳನ್ನು ಕಣ್ಣಾರೆ ಪರೀಕ್ಷಿಸಿ. ಇಂಗ್ಲಿಷಿನಲ್ಲೇ ಬರೆದ ಷರಾಗಳೂ ಅದೇ ಕಾಲಮ್ಮಿನಲ್ಲಿ ಬೆರೆತಿರುತ್ತವೆ, ಅವನ್ನೂ ಪರಿವರ್ತಿಸಿದರೆ ಹಾಳಾಗುತ್ತವೆ, ಮೊದಲು ವಿಂಗಡಿಸಿ. ಈ ಉಪದ್ವ್ಯಾಪ ಯಾಕೆ ಎನ್ನಬೇಡಿ. ಯಾರೂ ನೋಡದ ಆ ಕಾಲಮ್ಮಿನಲ್ಲಿ "ವಾಪಸ್" ಎಂಬ ಒಂದು ಪದ ಅಡಗಿತ್ತು, ಮುಂದೆ ಅದೇ ಬಹಳ ಕೆಲಸಕ್ಕೆ ಬಂತು.

ಸದಸ್ಯರ ಹೆಸರು, ಫೋನು, ಖಾತೆ ನಂಬರುಗಳನ್ನು ಮೊದಲ ದಿನವೇ ತೆಗೆದು ಸಂಕೇತ ಹಾಕಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಇದೆ ಎಂಬುದಕ್ಕಿಂತ, ಊರಿನವರ ಅಡಿಕೆ ಎಷ್ಟು, ಸಾಲ ಎಷ್ಟು ಎಂಬುದು ನಿಮ್ಮ ಲ್ಯಾಪ್‌ಟಾಪಿನಲ್ಲಿ ಬಿದ್ದಿರಬಾರದು.

ಇಷ್ಟಾದ ಮೇಲೆ ನಕ್ಷೆ. ಪೈಥಾನಿನ ಪಿಎಂ4ಪೈ ಎಂಬ ಮುಕ್ತ ತಂತ್ರಾಂಶ ಬಳಸಿದ್ದು. ಪ್ರೋಗ್ರಾಂ ಬರೆಯಲು ಬಾರದವರಿಗೆ ಪ್ರಾಮ್ ಇದೆ, ಅದೂ ಉಚಿತ. ಡಿಸ್ಕೊ, ಸೆಲೋನಿಸ್‌ನಂಥವು ಅನುಕೂಲವೇನೋ ಹೌದು, ಪರವಾನಗಿಯ ಹಣ ಒಂದು ತಾಲ್ಲೂಕಿನ ಸಂಘಕ್ಕೆ ಹೊರೆ. 8 ಜಿಬಿ ರ‍್ಯಾಮ್ ಇರುವ ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಒಂದು ಹಂಗಾಮಿನ ಲಾಗು ಸರಾಗ ಓಡುತ್ತದೆ. ಮೊದಲ ನಕ್ಷೆ ಶ್ಯಾವಿಗೆ ಒರಳಿನಿಂದ ಇಳಿದು ತಟ್ಟೆಯಲ್ಲಿ ಗೋಜಲಾದ ಹಾಗಿರುತ್ತದೆ, ಎಲ್ಲ ಹಂತದಿಂದ ಎಲ್ಲ ಹಂತಕ್ಕೂ ಗೆರೆ. ಹೆದರಿ ಕೈಬಿಡುವವರು ಹೆಚ್ಚಿನವರು ಇಲ್ಲೇ ಬಿಡುತ್ತಾರೆ.

ಬಿಡಿಸುವ ಕ್ರಮ ಇದೆ. ಮೊದಲು ಅರೆಬರೆ ಕೇಸುಗಳನ್ನು ತೆಗೆಯಿರಿ. ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಎಂದು ಲೆಕ್ಕದ ವರ್ಷ ಕತ್ತರಿಸಿದರೆ ಚಾಲಿಯ ಭರಾಟೆ ನಡುವೆಯೇ ಕತ್ತಿ ಬೀಳುತ್ತದೆ: ಮಾರ್ಚಿನಲ್ಲಿ ಬಂದ ಲಾಟಿನ ಪಾವತಿ ಏಪ್ರಿಲಿನಲ್ಲಿ, ಲಾಗಿನಲ್ಲಿ ಅದು ಹಣವೇ ಸಿಗದ ಲಾಟು. ಗೇಟ್ ಎಂಟ್ರಿಯ ತಾರೀಕಿನಿಂದ ಲಾಟುಗಳನ್ನು ಆರಿಸಿ, ಅವುಗಳ ಕೊನೆಯ ಘಟನೆ ಬರುವವರೆಗೂ ಡೇಟಾ ತೆಗೆದುಕೊಳ್ಳಿ. ಎರಡನೆಯದು, ರಾಶಿ ಮತ್ತು ಚಾಲಿಗೆ ಬೇರೆ ಬೇರೆ ನಕ್ಷೆ. ಮೂರನೆಯದು, ಒಂದೇ ಬಗೆಯ ದಾರಿ ಹಿಡಿದ ಲಾಟುಗಳನ್ನು ಗುಂಪು ಮಾಡಿ, ದೊಡ್ಡ ಗುಂಪಿನಿಂದ ಸಣ್ಣದಕ್ಕೆ ಇಳಿಯುತ್ತ ನೋಡಿ. ಬೆರಳೆಣಿಕೆಯ ಗುಂಪುಗಳಲ್ಲೇ ಬಹುಪಾಲು ಲಾಟು ಮುಗಿಯುತ್ತವೆ, ಉಳಿದ ಉದ್ದ ಬಾಲದಲ್ಲಿ ದೂರುಗಳಿರುತ್ತವೆ. ಬಾಲವನ್ನು ಗದ್ದಲವೆಂದು ಕತ್ತರಿಸಿ ಎಸೆದರೆ, ಕೇಳಿದ ಪ್ರಶ್ನೆಯನ್ನೇ ಎಸೆದಂತೆ.

ನಕ್ಷೆ ಓದುವಾಗ ಎರಡು ಕಡೆ ಮೋಸ ಹೋಗುತ್ತೇವೆ. ತೂಕದಿಂದ ಸಾಲದ ಕಡಿತಕ್ಕೂ, ಅಲ್ಲಿಂದ ಮರಳಿ ತೂಕಕ್ಕೂ ಗೆರೆ ಕಂಡ ಕೂಡಲೇ ಕೆಲಸ ಹಿಂದೆಮುಂದೆ ಅಲೆಯುತ್ತಿದೆ ಎನ್ನಬೇಡಿ. ಒಂದೊಂದು ಲಾಟನ್ನೇ ತೆಗೆದು ನೋಡಿ. ಎರಡೂ ಹಂತ ಒಂದೊಂದೇ ಸಲ ಬಂದಿದ್ದರೆ ಅವು ಅಕ್ಕಪಕ್ಕದಲ್ಲಿ ಒಟ್ಟಿಗೇ ನಡೆಯುವ ಕೆಲಸಗಳು, ಒಮ್ಮೆ ಇದು ಮೊದಲು, ಒಮ್ಮೆ ಅದು ಮೊದಲು. ಒಂದೇ ಲಾಟಿನಲ್ಲಿ ಒಂದು ಹಂತ ಎರಡು ಸಲ ಬಂದಿದ್ದರೆ ಮಾತ್ರ ಮರುಕೆಲಸ. ಇನ್ನೊಂದು, ನಕ್ಷೆ ಚೆಂದ ಕಾಣಲೆಂದು ನಡುವಿನ ಹಂತಗಳನ್ನು ಅಡಗಿಸಿದರೆ ಉಳಿದ ಹಂತಗಳ ನಡುವೆ ನೇರ ಗೆರೆ ಬಂದು, ಅಡಗಿಸಿದ ಹಂತದ ಹೊತ್ತೆಲ್ಲ ಆ ಗೆರೆಯ ಲೆಕ್ಕಕ್ಕೆ ಸೇರುತ್ತದೆ. ಹೊತ್ತಿನ ಲೆಕ್ಕವನ್ನು ಪೂರ್ತಿ ಲಾಗಿನಿಂದಲೇ ಮಾಡಿ. ಸರಾಸರಿಯ ಬದಲು ಮಧ್ಯಾಂಕ (ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ) ನೋಡಿ, ಒಂದೆರಡು ವಿಪರೀತ ಲಾಟು ಸರಾಸರಿಯನ್ನು ಎಳೆದುಬಿಡುತ್ತವೆ. ರಜೆಗಳ ಪಂಚಾಂಗವನ್ನೂ ಕೈಯಿಂದಲೇ ಮಾಡಿಕೊಳ್ಳಬೇಕು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಒಂಬತ್ತು ದಿನ ಶಿರಸಿಯಲ್ಲಿ ಪೇಟೆ ಹೇಗಿರುತ್ತದೆಂದು ಯಾವ ತಂತ್ರಾಂಶಕ್ಕೂ ಗೊತ್ತಿಲ್ಲ. 2024ರ ಮಾರ್ಚ್ ತಿಂಗಳನ್ನು ಬರೀ ಅಂಕಿಯಿಂದ ಅಳೆದರೆ ಆಫೀಸಿಗೆ ಅನ್ಯಾಯವಾಗುತ್ತದೆ.

ಲಾಗು ಹೇಳಿದ್ದೇನು? ಎಲ್ಲಕ್ಕಿಂತ ಉದ್ದದ ಕಾಯುವಿಕೆ ಟೆಂಡರಿನಿಂದ ಟೆಂಡರಿಗೆ ಮರಳುವ ಗೆರೆಯ ಮೇಲಿತ್ತು. ಹೊರಗಿನ ಸಲಹೆಗಾರರು ಇದನ್ನು ನೋಡಿದರೆ ಮೊದಲು ಕೆಂಪು ಬಳಿಯುತ್ತಾರೆ. ಅದು ಯಾರ ತಪ್ಪೂ ಅಲ್ಲ. ದರ ಮನಸ್ಸಿಗೆ ಬರಲಿಲ್ಲ, "ಈಗ ಬೇಡ, ಇರಲಿ" ಎಂದು ಸದಸ್ಯರೇ ಲಾಟು ಬಿಡಲಿಲ್ಲ. ಬೆಳೆಗಾರರು ದರಕ್ಕಾಗಿ ಕಾಯುವುದು ಅವರ ಹಕ್ಕು, ಸಂಘ ಇರುವುದೂ ಅದಕ್ಕೇ. ಲಾಗಿನಲ್ಲಿ ಈ ನಿರಾಕರಣೆಗೆ ಸಾಲೇ ಇಲ್ಲ, ಮುಂದಿನ ಟೆಂಡರಿನಲ್ಲಿ ಅದೇ ನಂಬರು ಮತ್ತೆ ಕಾಣುವುದೊಂದೇ ಕುರುಹು. ಹಾಗಾಗಿ ಗಡಿಯಾರವನ್ನು ಗೇಟಿನಿಂದ ಶುರು ಮಾಡದೆ, ಮಾರಾಟ ಖಾಯಂ ಆದ ಟೆಂಡರಿನಿಂದ ಶುರು ಮಾಡಬೇಕು. ಈ ಒಂದು ನಿರ್ಧಾರ ಇಡೀ ಚಿತ್ರವನ್ನೇ ಬದಲಿಸಿತು.

ಹಾಗೆ ನೋಡಿದಾಗ ತೂಕದ ಕಟ್ಟೆಯಲ್ಲಿ ಹೇಳುವಂಥ ತಡವೇ ಇಲ್ಲ, ಅದೇ ದಿನ ಮುಗಿಯುತ್ತದೆ. ತಡ ಪಟ್ಟಿ ಆದ ಮೇಲೆ. ಪಾವತಿ ಫೈಲು ತಯಾರಾಗುವುದು ದಿನಕ್ಕೆ ಒಂದೇ ಸಲ, ಬೆಳಿಗ್ಗೆ. ಆ ಮೇಲೆ ಆದ ಪಟ್ಟಿ ಮರುದಿನಕ್ಕೆ. ಫೈಲಿಗೆ ಎರಡು ಒಪ್ಪಿಗೆ ಬೇಕು, ಎರಡನೆಯವರು ಊರಲ್ಲಿಲ್ಲದಿದ್ದರೆ ಅದು ಹಾಗೇ ಕೂರುತ್ತದೆ. "ಎರಡನೇ ಶನಿವಾರ, ಬ್ಯಾಂಕ್ ರಜೆ" ಎಂಬ ಉತ್ತರ ರೂಢಿಯಲ್ಲಿತ್ತು. ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ನೆಫ್ಟ್ 2019ರ ಡಿಸೆಂಬರ್ 16ರಿಂದ ದಿನದ 24 ಗಂಟೆಯೂ, ರಜೆಯ ದಿನವೂ ನಡೆಯುತ್ತಿದೆ, ಅರ್ಧ ಗಂಟೆಗೊಂದು ಕಂತು. ಒಪ್ಪಿಗೆ ಬಿದ್ದ ಫೈಲುಗಳೆಲ್ಲ ಅದೇ ದಿನ ಹೋಗಿವೆ ಎಂದು ಲಾಗು ತೋರಿಸಿದ ಮೇಲೆ ಆ ಮಾತು ನಿಂತಿತು.

ಉದ್ದ ಬಾಲದಲ್ಲಿ ಉಳಿದ ಲಾಟುಗಳಲ್ಲಿ ಪಾವತಿ ಎರಡು ಸಲ ಕಾಣುತ್ತಿತ್ತು. ಒಂದೇ ಪಟ್ಟಿಗೆ ಎರಡು ಸಲ ಹಣ ಹೋಯಿತೇ ಎಂದು ಮೊದಲು ಎಲ್ಲರಿಗೂ ಗಾಬರಿ. ಷರಾ ಕಾಲಮ್ಮಿನ ಆ ಪದ ಉತ್ತರ ಕೊಟ್ಟಿತು. ಹಣ ಹೋಗಿ, ಖಾತೆಗೆ ಸೇರದೆ ವಾಪಸ್ ಬಂದು, ಇನ್ನೊಮ್ಮೆ ಕಳಿಸಿದ್ದು. ವಾಪಸ್ ಬಂದ ಖಾತೆಗಳನ್ನು ಗುಂಪು ಮಾಡಿದಾಗ ಸದಸ್ಯರ ವಿವರದಲ್ಲಿ ಹಳೇ ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಸಂಕೇತ) ಹಾಗೇ ಉಳಿದದ್ದು ಕಂಡಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಹಳೇ ಸಿಂಡಿಕೇಟ್ ಸಂಕೇತಗಳು 2021ರ ಜುಲೈ 1ರಿಂದ ನಡೆಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಆ ಖಾತೆಗಳು ಮನೆಮನೆಗೆ ಇದ್ದವು. ವರ್ಷಕ್ಕೊಮ್ಮೆ ಅಡಿಕೆ ತರುವ ಸದಸ್ಯರ ವಿವರ ತಿದ್ದುವ ಸಂದರ್ಭವೇ ಬರುವುದಿಲ್ಲ. 2025ರ ಮೇ 1ರಂದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಕೂಡ ವಿಲೀನವಾಗಿದೆ. ಆ ಖಾತೆಗಳಿರುವ ಸಂಘಗಳು ಸಂಕೇತಗಳನ್ನು ಈಗಲೇ ಪರಿಶೀಲಿಸಿಕೊಳ್ಳುವುದು ಒಳ್ಳೆಯದು.

ಗೋಡೆಯ ಚಾರ್ಟಿಗೂ ಲಾಗಿಗೂ ಎಷ್ಟು ತಾಳೆ ಇದೆ ಎಂದು ಕೊನೆಗೆ ಅಳೆದೆವು. ಅಲೈನ್‌ಮೆಂಟ್ ಎಂಬ ವಿಧಾನದಲ್ಲಿ ಪ್ರತಿ ಲಾಟನ್ನೂ ಚಾರ್ಟಿನ ಪಕ್ಕದಲ್ಲಿಟ್ಟು, ಚಾರ್ಟಿನಲ್ಲಿದ್ದು ಲಾಗಿನಲ್ಲಿ ಇಲ್ಲದ ಹೆಜ್ಜೆ, ಲಾಗಿನಲ್ಲಿದ್ದು ಚಾರ್ಟಿನಲ್ಲಿ ಇಲ್ಲದ ಹೆಜ್ಜೆ ಎಂದು ಗುರುತಿಸುತ್ತಾರೆ. ಬರುವ ಒಟ್ಟು ಅಂಕಿಗಿಂತ ಯಾವ ಹೆಜ್ಜೆ ತಪ್ಪುತ್ತದೆ ಎಂಬುದೇ ಮುಖ್ಯ. ಇಲ್ಲಿ ಎದ್ದು ಕಂಡಿದ್ದು, ದರಕ್ಕೆ ಒಪ್ಪಿಗೆ ತೂಕದ ನಂತರ ದಾಖಲಾಗುವುದು. ಕೇಳಿದರೆ ಸದಸ್ಯರು ಫೋನಿನಲ್ಲಿ ಮೊದಲೇ ಒಪ್ಪಿರುತ್ತಾರೆ, ಸಹಿ ಮಾತ್ರ ಪೇಟೆಗೆ ಬಂದಾಗ. ಪದ್ಧತಿ ಸರಿ, ದಾಖಲೆ ತಡ. ಡೇಟಾದಿಂದಲೇ ಮಾದರಿ ಹುಟ್ಟಿಸುವವರಿಗೂ ಒಂದು ಮಾತು: ಇಂಡಕ್ಟಿವ್ ಮೈನರ್ ಎಂಬ ವಿಧಾನದಲ್ಲಿ ಗದ್ದಲದ ಮಿತಿ (ಅಪರೂಪದ ದಾರಿಗಳನ್ನು ಎಷ್ಟು ಬಿಡಬೇಕೆಂಬ ಅಂಕಿ) ಸೊನ್ನೆ ಇಟ್ಟರೆ ಲಾಗಿನ ಪ್ರತಿ ದಾರಿಯೂ ಮಾದರಿಯಲ್ಲಿ ಹಿಡಿಸುತ್ತದೆ, ಜೊತೆಗೆ ನಡೆಯದ ದಾರಿಗಳೂ ನುಗ್ಗುತ್ತವೆ. 0.2ರಿಂದ ಶುರು ಮಾಡಿ ಹೆಚ್ಚುಕಡಿಮೆ ಮಾಡುತ್ತ, ತಾಳೆಯ ಅಂಕಿ (ಲಾಗಿನ ದಾರಿಗಳು ಮಾದರಿಯಲ್ಲಿ ಎಷ್ಟು ಹಿಡಿಸುತ್ತವೆ), ಖಚಿತತೆಯ ಅಂಕಿ (ನಡೆಯದ ದಾರಿಗಳು ಎಷ್ಟು ಕಡಿಮೆ) ಎರಡನ್ನೂ ಒಟ್ಟಿಗೇ ನೋಡಿ.

ಸಿಬ್ಬಂದಿಯ ಆತಂಕವನ್ನು ಹಗುರ ಮಾಡಬೇಡಿ. "ಕಂಪ್ಯೂಟರಿನಿಂದ ನಮ್ಮನ್ನು ಹಿಡಿಯಲು ಬಂದಿದ್ದಾರೆ" ಎಂಬ ಮಾತು ಮೊದಲ ವಾರವೇ ಹರಡಿತು. ಲಾಗಿನ್ ಹೆಸರಿನ ಕಾಲಮ್ಮನ್ನು ಅವರ ಎದುರೇ ಅಳಿಸಿ ವಿಭಾಗದ ಹೆಸರು ಮಾತ್ರ ಉಳಿಸಿದ ಮೇಲೆ ಮಾತು ಬಿಚ್ಚಿಕೊಂಡಿತು. ಹೇಗಿದ್ದರೂ ಒಂದೇ ಲಾಗಿನ್ನಿನಲ್ಲಿ ಮೂರು ಜನ ಕೆಲಸ ಮಾಡುವ ಕಡೆ ಆ ಕಾಲಮ್ಮಿಗೆ ಬೆಲೆಯಿಲ್ಲ. ಯಾರು ನಿಧಾನ ಎಂಬ ವರದಿಯನ್ನು ಯಾರು ಕೇಳಿದರೂ ಕೊಡಬೇಡಿ. ಪ್ರತಿ ಹಂತದಲ್ಲೂ ಆ ಸಾಲು ಟೈಪು ಮಾಡುವವರ ಪಕ್ಕದಲ್ಲಿ ಅರ್ಧ ದಿನ ಕುಳಿತು, ಯಾವ ಕೀಲಿ ಒತ್ತಿದಾಗ ಯಾವ ಹೊತ್ತು ಬೀಳುತ್ತದೆ ಎಂದು ಬರೆದುಕೊಳ್ಳಿ. ಈ ಟಿಪ್ಪಣಿ ಇಲ್ಲದ ಲಾಗು, ಅದೆಷ್ಟೇ ದೊಡ್ಡದಿರಲಿ, ನಂಬಲು ಬರುವುದಿಲ್ಲ.

ಖರ್ಚಿನಲ್ಲಿ ತಂತ್ರಾಂಶದ ಪಾಲು ಸೊನ್ನೆ. ಸಾಫ್ಟ್‌ವೇರ್ ಕಂಪನಿಗೆ ಬ್ಯಾಕಪ್ಪಿಗಾಗಿ ಕೊಟ್ಟಿದ್ದು, ಎಸ್ಸೆಮ್ಮೆಸ್ ವರದಿಗೆ ಕೊಟ್ಟಿದ್ದು, ಇವೆರಡೇ ಕೈಯಿಂದ ಹೋದ ಹಣ. ಸಮಯದ ಲೆಕ್ಕ ಬೇರೆ. ಹೆಚ್ಚಿನ ಪಾಲು ಹೊತ್ತು, ನಂಬರು, ಅಕ್ಷರ ಸರಿಮಾಡುವುದಕ್ಕೇ ಹೋಗುತ್ತದೆ, ನಕ್ಷೆ ಮಾಡುವುದು ಒಂದು ಮಧ್ಯಾಹ್ನದ ಕೆಲಸ. ಹಂಗಾಮಿನ ಗಡಿಬಿಡಿಯಲ್ಲಿ ಗುಮಾಸ್ತರಿಗೆ ಮಾತಾಡಲೂ ಬಿಡುವಿರುವುದಿಲ್ಲ, ಮಳೆಗಾಲದಲ್ಲಿ ಶುರು ಮಾಡಿ.

ಸಂಘದಲ್ಲಿ ಈಗ ಪಾವತಿ ಫೈಲು ದಿನಕ್ಕೆ ಎರಡು ಸಲ, ಬೆಳಿಗ್ಗೆ ಮತ್ತು ಸಂಜೆ. ಎರಡನೇ ಒಪ್ಪಿಗೆಗೆ ಬದಲಿ ಅಧಿಕಾರಿಯನ್ನು ಠರಾವಿನಲ್ಲಿ ನೇಮಿಸಲಾಗಿದೆ. ಗೇಟಿನಲ್ಲಿ ಲಾಟ್ ಚೀಟಿ ಕೊಡುವಾಗಲೇ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ತಾಳೆ ನೋಡುತ್ತಾರೆ. ಹೊಸ ಹಂಗಾಮಿನಿಂದ ಸ್ಥಿತಿ ಬದಲಾದಾಗಲೆಲ್ಲ ಹಳೆಯದನ್ನು ಅಳಿಸದೆ ಒಂದು ಹೊಸ ಸಾಲು ಬರೆಯುವ ಪ್ರತ್ಯೇಕ ಟೇಬಲ್ ಸೇರಿಸಲಾಗಿದೆ. ಅದರಲ್ಲಿ ಆರು ಕಾಲಂ: ಲಾಟ್ ನಂಬರು, ಗೇಟ್ ಎಂಟ್ರಿ ನಂಬರು, ಹಂತ, ಕೆಲಸ ನಡೆದ ಹೊತ್ತು, ಎಂಟ್ರಿ ಮಾಡಿದ ಹೊತ್ತು, ಯುನಿಕೋಡಿನಲ್ಲಿ ಷರಾ. ಹಂತಗಳ ಪಟ್ಟಿಗೆ "ದರ ಒಪ್ಪಲಿಲ್ಲ" ಎಂಬುದೂ ಸೇರಿದೆ.